ಕಾಟಾದಲ್ಲಿ ತೂಕ, ಕಂಪ್ಯೂಟರ್‌ನಲ್ಲಿ ಸೊನ್ನೆ

ಗಂಗಾವತಿಯಲ್ಲಿ ಭತ್ತದ ಸುಗ್ಗಿ ಜೋರಿದ್ದಾಗ ರೈಸ್‌ಮಿಲ್ಲಿನ ವೇ ಬ್ರಿಡ್ಜ್, ಅಂದರೆ ಲಾರಿ ತೂಗುವ ಕಾಟಾ, ಕೈಕೊಟ್ಟರೆ ಲಾರಿಗಳ ಸಾಲು ರಸ್ತೆಗೆ ಬರುತ್ತದೆ. ಅಂಥ ಒಂದು ದಿನ ಫೋನ್ ಬಂತು. "ಅಣ್ಣಾ, ಕಾಟಾದಾಗ ತೂಕ ಬರ್ತೈತಿ, ಕಂಪ್ಯೂಟರ್‌ನ್ಯಾಗ ಬರವಲ್ದು." ಹೋಗಿ ನೋಡಿದರೆ ಆಪರೇಟರ್ ಹುಡುಗ ಕೈಯಲ್ಲೇ ಚೀಟಿ ಬರೆಯುತ್ತಿದ್ದ.

ಕಂಪ್ಯೂಟರ್ ಹೊಸದು. ಕಾಟಾದ ಕೇಬಲ್ ಸಿಕ್ಕಿಸುವ ಹಳೇ ಥರದ 9 ಪಿನ್ನಿನ ಸೀರಿಯಲ್ ಪೋರ್ಟ್ ಅದಕ್ಕೆ ಇಲ್ಲ. ಯುಎಸ್‌ಬಿ ಕನ್ವರ್ಟರ್ ಹಾಕಿ, ಅಂಗಡಿಯಿಂದ ಕೇಬಲ್ ತಂದು ಸಿಕ್ಕಿಸಿದ್ದರು.

ಮೊದಲು ಕನ್ವರ್ಟರ್ ಹಿಡಿದೆ. 9 ಪಿನ್ನುಗಳಲ್ಲಿ ಕೇಳುವ 2 ಮತ್ತು ಕಳಿಸುವ 3ನ್ನು ವೈರಿನ ತುಂಡಿನಿಂದ ಕೂಡಿಸಿದೆ. ಕಂಪ್ಯೂಟರಿನ ಟರ್ಮಿನಲ್ ಪ್ರೋಗ್ರಾಂನಲ್ಲಿ ಟೈಪ್ ಮಾಡಿದ ಅಕ್ಷರ ವಾಪಸ್ ಬಂತು, ವೈರ್ ತೆಗೆದರೆ ನಿಂತಿತು. ಈ ಕಡೆ ಎಲ್ಲಾ ಸರಿ.

ಆಮೇಲೆ ಕೇಬಲ್ ಬಿಚ್ಚಿ ಕಾಟಾದ ಇಂಡಿಕೇಟರ್‌ಗೆ, ಅಂದರೆ ತೂಕ ತೋರಿಸುವ ಪೆಟ್ಟಿಗೆಗೆ, ಮಲ್ಟಿಮೀಟರ್ ಹಚ್ಚಿದೆ. ಕಪ್ಪು ಕಡ್ಡಿ 5ಕ್ಕೆ, ಅದು ಗ್ರೌಂಡ್. ಕೆಂಪು ಕಡ್ಡಿ 2ರಲ್ಲಿ ಸೊನ್ನೆಯ ಆಸುಪಾಸು. 3ಕ್ಕೆ ಇಟ್ಟ ಕೂಡಲೇ ಮೈನಸ್ ವೋಲ್ಟೇಜ್, ಅಂಕಿ ಕುಣಿಯುತ್ತಿತ್ತು. ಈ ಸೀರಿಯಲ್ ಸಂಪರ್ಕದ ಪದ್ಧತಿಗೆ ಆರ್‌ಎಸ್-232 ಅಂತಾರೆ. ಅದರಲ್ಲಿ ಕಳಿಸುವ ವೈರ್ ಸುಮ್ನೆ ಇದ್ದಾಗ ಮೈನಸ್‌ನಲ್ಲೇ ಇರುತ್ತದೆ, ಡೇಟಾ ಹೋಗುವಾಗ ಮೇಲೆ ಕೆಳಗೆ ಆಡುತ್ತದೆ. ಅಂದರೆ ಇಂಡಿಕೇಟರ್ ಕಳಿಸುವುದು 3ರಿಂದ. ಕಂಪ್ಯೂಟರ್ ಕಳಿಸುವುದೂ 3ರಿಂದಲೇ, ಕೇಳುವುದು 2ರಲ್ಲಿ. ನೇರ ಕೇಬಲ್ ಹಾಕಿ ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಿದ್ದರು! ನೇರ ಕೇಬಲ್ಲೂ, 2 ಮತ್ತು 3 ಅದಲು ಬದಲಾದ ಕ್ರಾಸ್ ಕೇಬಲ್ಲೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಅಂಗಡಿಯವರನ್ನು ಬೈದು ಏನು ಪ್ರಯೋಜನ?

ಒಂದು ತುದಿ ಕತ್ತರಿಸಿ ಹೊಸ ಕನೆಕ್ಟರ್‌ಗೆ ಬೆಸುಗೆ ಹಾಕಿದೆ. 2ರಿಂದ 3ಕ್ಕೆ, 3ರಿಂದ 2ಕ್ಕೆ, 5ರಿಂದ 5ಕ್ಕೆ. ಪ್ರತಿ ವೈರನ್ನೂ ಮಲ್ಟಿಮೀಟರಿನಲ್ಲಿ ಬೀಪ್ ಮಾಡಿಸಿ ನೋಡಿಯೇ ಹಾಕಿದೆ. ಬಣ್ಣ ನೋಡಿ ಬೆಸುಗೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು. ಒಂದೊಂದು ಕಂಪನಿಗೆ ಒಂದೊಂದು ಬಣ್ಣ ಇರುತ್ತೆ ಅಲ್ವಾ?

ಈಗ ತೆರೆ ಮೇಲೆ ಏನೋ ಬಂತು, ಆದರೆ ಅರ್ಥವಿಲ್ಲದ ಗೀಚು. ವೈರ್ ಸರಿಯಿದೆ, ವೇಗ ಹೊಂದಿಲ್ಲ ಅನ್ನುವುದರ ಗುರುತು ಇದು. ಇಂಡಿಕೇಟರ್ ಮೆನುವಿನಲ್ಲಿ ಬಾಡ್ ರೇಟ್ (ಡೇಟಾ ಕಳಿಸುವ ವೇಗ) 2400, ಸಾಫ್ಟ್‌ವೇರಿನಲ್ಲಿ 9600. ಸಾಫ್ಟ್‌ವೇರನ್ನೂ 2400ಕ್ಕೆ ತಂದೆ. ಲಾರಿಯ ತೂಕ ಮೂಡಿತು.

"ಈ ಕಂಪ್ಯೂಟರ್ ಹಿಂದಿನ ಆಫೀಸಿಗೆ ಒಯ್ದ್ರ ನಡೀತೈತೇನ್ರಿ?" ಅಂದರು ಸಾಹುಕಾರರು. ಅಲ್ಲಿಗೆ ದೂರ ಜಾಸ್ತಿ. 15 ಮೀಟರ್ ದಾಟಿದ ಮೇಲೆ ಆರ್‌ಎಸ್-232ನ್ನು ನಾನು ನಂಬುವುದಿಲ್ಲ. ದೂರಕ್ಕೆ ಹೋಗುವ ಇನ್ನೊಂದು ಪದ್ಧತಿ ಆರ್‌ಎಸ್-485 ಹಾಕಿಸಿ ಅಂದೆ. ಒಂದಕ್ಕೊಂದು ಹೊಸೆದ ಜೋಡಿ ವೈರ್, ಎರಡೂ ತುದಿಗೆ 120 ಓಮ್ ರೆಸಿಸ್ಟರ್, ವೇಗ ಕಡಿಮೆ ಇದ್ದರೆ 1200 ಮೀಟರ್‌ವರೆಗೂ ಹೋಗುತ್ತದೆ. ಮೋಟರ್ ವೈರ್ ಇರುವ ಪೈಪಿನಲ್ಲಿ ಮಾತ್ರ ಎಳೆಸಬೇಡಿ, ಅದರ ಕರೆಂಟು ಡೇಟಾ ಕೆಡಿಸಬಹುದು.

"ಆ ಪೈಪಿನಾಗ ಜಾಗ ಐತಲ್ರೀ" ಅಂದರು. ನಾನು ಒಪ್ಪಲಿಲ್ಲ. ಗೊಣಗುತ್ತಲೇ ಬೇರೆ ಪೈಪಿನ ರೇಟು ಕೇಳಲು ಎಲೆಕ್ಟ್ರಿಷಿಯನ್‌ಗೆ ಫೋನ್ ಹಚ್ಚಿದರು.