ಇಸಿಜಿಯಿಂದ 50 ಹರ್ಟ್ಸ್ ತೆಗೆಯುವುದು: ಎಫ್‌ಐಆರ್ ಫಿಲ್ಟರ್‌ನ ಲೆಕ್ಕಾಚಾರ

ಮೂರು ಎಲೆಕ್ಟ್ರೋಡ್ ಅಂಟಿಸಿ, ಎಡಿ8232 ಬೋರ್ಡಿನ (ಹೃದಯದ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಬೋರ್ಡು) ಮೂಲಕ ಮೈಕ್ರೋಕಂಟ್ರೋಲರ್‌ಗೆ ಇಸಿಜಿ ತಂದರೆ ಹೃದಯದ ಬಡಿತದ ಜೊತೆಗೆ ಗೋಡೆಯ ಕರೆಂಟೂ ಬರುತ್ತದೆ. ಗೆರೆಯ ಉದ್ದಕ್ಕೂ ಸೆಕೆಂಡಿಗೆ 50 ಸಲ ಏಳುವ ಸಣ್ಣ ಅಲೆ. (ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೇ ಓಡಿಸಿ. ಮೈಗೆ ತಂತಿ ಅಂಟಿಸಿಕೊಂಡು ಚಾರ್ಜರ್ ಸಿಕ್ಕಿಸಬೇಡಿ. ಅದು ಮೊದಲು ಸುರಕ್ಷತೆಯ ಮಾತು, ಆಮೇಲೆ ಫಿಲ್ಟರ್‌ನದು.) ಎಫ್‌ಐಆರ್ (ಫೈನೈಟ್ ಇಂಪಲ್ಸ್ ರೆಸ್ಪಾನ್ಸ್) ಫಿಲ್ಟರ್ ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಫಿಲ್ಟರ್ ಮಾಡುವ ಕೆಲಸ ಗುಣಾಕಾರ, ಸಂಕಲನ, ಅಷ್ಟೇ. ಈಗ ಬಂದ ಸ್ಯಾಂಪಲ್ (ಆ ಕ್ಷಣ ಅಳೆದ ಒಂದು ಬೆಲೆ), ಅದರ ಹಿಂದಿನದು, ಅದಕ್ಕೂ ಹಿಂದಿನದು ಹೀಗೆ ಒಂದಷ್ಟನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಪ್ರತಿಯೊಂದನ್ನೂ ಅದಕ್ಕೆಂದೇ ಇರುವ ಗುಣಾಂಕದಿಂದ ಗುಣಿಸಿ, ಎಲ್ಲ ಕೂಡಿಸಿ ಹೊರಗೆ ಕೊಡುತ್ತದೆ. ಗುಣಾಂಕಗಳು 0.25, 0.5, 0.25 ಎಂದಿಟ್ಟುಕೊಳ್ಳಿ. ಒಳಗೆ 0, 0, 4, 8, 8, 8 ಬಂದರೆ ಹೊರಗೆ 0, 0, 1, 4, 7, 8 ಹೋಗುತ್ತದೆ. ಆ 7 ಬಂದದ್ದು 8×0.25 + 8×0.5 + 4×0.25 ರಿಂದ. ಒಂದು ಸಲ ಪೆನ್ನು ಹಿಡಿದು ಇದನ್ನು ಮಾಡಿ ನೋಡಿ, ಉಳಿದದ್ದೆಲ್ಲ ಇದರ ವಿಸ್ತರಣೆ.

ಈಗ ಒಂದೇ ಒಂದು 4 ಕೊಟ್ಟು, ಹಿಂದೆ ಮುಂದೆ ಎಲ್ಲ ಸೊನ್ನೆ ಇಡಿ. ಇಂಥ ಒಂಟಿ ಪೆಟ್ಟೇ ಇಂಪಲ್ಸ್. ಹೊರಗೆ 1, 2, 1 ಬಂದು ಮತ್ತೆ ಸೊನ್ನೆ. ಗುಣಾಂಕಗಳೇ ಸಾಲಾಗಿ ಹೊರಬಿದ್ದವು, ಮೂರನೆಯದರ ನಂತರ ಏನೂ ಉಳಿಯಲಿಲ್ಲ. ಫೈನೈಟ್ ಇಂಪಲ್ಸ್ ರೆಸ್ಪಾನ್ಸ್ ಎಂದರೆ ಇದೇ. ಇನ್ನೊಂದು ಬಗೆಯಾದ ಐಐಆರ್ (ಇನ್‌ಫೈನೈಟ್ ಇಂಪಲ್ಸ್ ರೆಸ್ಪಾನ್ಸ್) ಫಿಲ್ಟರ್ ತನ್ನದೇ ಔಟ್‌ಪುಟ್ಟನ್ನು ಮತ್ತೆ ಒಳಗೆ ಎಳೆದುಕೊಳ್ಳುವುದರಿಂದ ಒಂದು ಪೆಟ್ಟಿನ ಸದ್ದು ಸಿದ್ಧಾಂತದ ಪ್ರಕಾರ ಕೊನೆಯಿಲ್ಲದೆ ಉಳಿಯುತ್ತದೆ, ಗುಣಾಂಕ ತಪ್ಪಿದರೆ ಬೆಳೆಯುತ್ತಲೂ ಹೋಗಬಹುದು. ಎಫ್‌ಐಆರ್‌ಗೆ ಆ ಭಯ ಇಲ್ಲ.

ಇನ್ನು 50 ಹರ್ಟ್ಸ್. ಸೆಕೆಂಡಿಗೆ 500 ಸ್ಯಾಂಪಲ್ ತೆಗೆದುಕೊಂಡರೆ ಕರೆಂಟಿನ ಅಲೆಯ ಒಂದು ಪೂರ್ತಿ ಸುತ್ತು ಸರಿಯಾಗಿ 10 ಸ್ಯಾಂಪಲ್. ಅಲೆಯ ಎತ್ತರ 100 ಎಂದರೆ ಆ ಹತ್ತು ಬೆಲೆಗಳು 0, 59, 95, 95, 59, 0, −59, −95, −95, −59. ಕೂಡಿಸಿದರೆ ಸೊನ್ನೆ. ಅಲೆಯನ್ನು ಎಲ್ಲಿಂದಲೇ ಎಣಿಸಲು ಶುರು ಮಾಡಿ, ಒಂದರ ಪಕ್ಕ ಒಂದಿರುವ ಹತ್ತರ ಮೊತ್ತ ಸೊನ್ನೆಯೇ. ಹಾಗಾಗಿ ಎಲ್ಲ ಗುಣಾಂಕವೂ 0.1 ಇರುವ ಹತ್ತು ಟ್ಯಾಪ್‌ಗಳ (ಒಂದು ಗುಣಾಂಕಕ್ಕೆ ಒಂದು ಟ್ಯಾಪ್) ಸರಾಸರಿ ಫಿಲ್ಟರ್ 50 ಹರ್ಟ್ಸನ್ನು ಪೂರ್ತಿ ಅಳಿಸುತ್ತದೆ. ಜೊತೆಗೆ 100, 150, 200, 250 ಹರ್ಟ್ಸ್ ಕೂಡ ಹೋಗುತ್ತವೆ. ಮೇಲಿನ ಮೂರು ಟ್ಯಾಪ್‌ಗಳ ಫಿಲ್ಟರ್ ಇದೇ ಅಲೆಯನ್ನು ಬರೀ ಶೇಕಡಾ 10ರಷ್ಟು ತಗ್ಗಿಸುತ್ತದೆ, ಏಕೆಂದರೆ ಮೂರು ಸ್ಯಾಂಪಲ್‌ಗಳಲ್ಲಿ ಅಲೆ ಇನ್ನೂ ತಿರುಗಿಯೇ ಇರುವುದಿಲ್ಲ.

ಹತ್ತು ಟ್ಯಾಪ್‌ಗಳಲ್ಲಿ ಒಂದು ಕಿರಿಕಿರಿ ಇದೆ. ಫಿಲ್ಟರ್‌ನ ತಡ ಎಂದರೆ ಟ್ಯಾಪ್‌ಗಳಲ್ಲಿ ಒಂದು ಕಳೆದು ಅರ್ಧ ಮಾಡಿದಷ್ಟು, ಅಂದರೆ 4.5 ಸ್ಯಾಂಪಲ್. ಮೂಲ ಸಿಗ್ನಲ್ಲನ್ನೂ ಫಿಲ್ಟರ್ ಆದದ್ದನ್ನೂ ಒಂದರ ಮೇಲೊಂದು ಇಟ್ಟು ಹೋಲಿಸಲು ಅರ್ಧ ಸ್ಯಾಂಪಲ್ ಅಡ್ಡ ಬರುತ್ತದೆ. ಪರಿಹಾರ ಸುಲಭ: ಹನ್ನೊಂದು ಟ್ಯಾಪ್ ಇಟ್ಟು ಎರಡು ತುದಿಗಳಿಗೆ 0.05, ನಡುವಿನ ಒಂಬತ್ತಕ್ಕೆ 0.1 ಕೊಡಿ. 50ರ ಸೊನ್ನೆ ಹಾಗೇ ಉಳಿಯುತ್ತದೆ, ತಡ ಸರಿಯಾಗಿ 5 ಸ್ಯಾಂಪಲ್, ಅಂದರೆ 10 ಮಿಲಿಸೆಕೆಂಡು.

ಆದರೆ ಈ ಸರಾಸರಿಯ ಹೊಡೆತ ಕರೆಂಟಿಗೆ ಮಾತ್ರ ಬೀಳುವುದಿಲ್ಲ. ಹತ್ತು ಟ್ಯಾಪ್‌ಗಳದ್ದು 10 ಹರ್ಟ್ಸನ್ನು ಶೇ. 94ಕ್ಕೆ, 25 ಹರ್ಟ್ಸನ್ನು ಶೇ. 64ಕ್ಕೆ ಇಳಿಸುತ್ತದೆ. ಸುಮಾರು 22 ಹರ್ಟ್ಸ್‌ಗೇ 3 ಡೆಸಿಬೆಲ್ ಕುಸಿತ, ಅಂದರೆ ಎತ್ತರ ಸುಮಾರು ಶೇ. 71ಕ್ಕೆ ಇಳಿದಂತೆ. ಇಸಿಜಿಯ ಚೂಪಾದ ಆರ್ ಶಿಖರ (ಪ್ರತಿ ಬಡಿತದ ಅತಿ ಎತ್ತರದ ಮೊನೆ) ಮೊಂಡಾಗುವುದು ಇದರಿಂದಲೇ. ಬಡಿತ ಎಣಿಸುವುದಷ್ಟೇ ಬೇಕಿದ್ದರೆ ಇದು ಸಾಕು. ಪ್ಯಾನ್ ಮತ್ತು ಟಾಂಪ್ಕಿನ್ಸ್ 1985ರಲ್ಲಿ ಪ್ರಕಟಿಸಿದ, ಇಂದಿಗೂ ಎಲ್ಲ ಕಡೆ ಬಳಕೆಯಲ್ಲಿರುವ ಬಡಿತ ಪತ್ತೆಯ ವಿಧಾನದ ಲೋ-ಪಾಸ್ (ಕೆಳಗಿನ ಫ್ರೀಕ್ವೆನ್ಸಿಗಳನ್ನು ಮಾತ್ರ ಬಿಡುವ) ಭಾಗವೂ ಆರು ಸ್ಯಾಂಪಲ್‌ಗಳ ಸರಾಸರಿಯನ್ನು ಎರಡು ಸಲ ಹಾಯಿಸಿದ್ದೇ. ಆಕಾರವೂ ಬೇಕೆಂದರೆ ಬೇರೆ ದಾರಿ ಹುಡುಕಬೇಕು.

ಹಾಗಿದ್ದರೆ 50ನ್ನು ಮಾತ್ರ ಕೀಳುವ ಮೂರು ಟ್ಯಾಪ್‌ಗಳದ್ದು ಮಾಡಬಹುದಲ್ಲ ಎಂದು ಹಲವರು ಕೇಳುತ್ತಾರೆ. ಮಾಡಬಹುದು: 1, −1.618, 1. (ನಡುವಿನದು 36 ಡಿಗ್ರಿಯ ಕೊಸೈನಿನ ಎರಡರಷ್ಟು, ಸುವರ್ಣ ಅನುಪಾತವೇ ಅದು. 500 ಮತ್ತು 50ರ ಸಂಬಂಧ ತಂದ ಕಾಕತಾಳೀಯ.) ಮೂರರ ಮೊತ್ತ 0.382, ಆದ್ದರಿಂದ ಎಲ್ಲವನ್ನೂ ಅದರಿಂದ ಭಾಗಿಸಬೇಕು. ಆಗ 250 ಹರ್ಟ್ಸ್ ಬಳಿಯ ಗದ್ದಲ ಒಂಬತ್ತೂವರೆ ಪಟ್ಟು ದೊಡ್ಡದಾಗುತ್ತದೆ. ಸ್ನಾಯುವಿನ ಸಣ್ಣ ಕಂಪನವೆಲ್ಲ ಪರದೆಯ ಮೇಲೆ ಹುಲ್ಲು ಬೆಳೆದಂತೆ ಕಾಣುತ್ತದೆ. ಕಡಿಮೆ ಟ್ಯಾಪ್‌ಗಳಿಂದ ಚೂಪಾದ ಫಿಲ್ಟರ್ ಬರುವುದಿಲ್ಲ.

ಚೂಪು ಬೇಕೆಂದರೆ ಸಿಂಕ್ (sin x ÷ x ಆಕಾರದ ಗುಣಾಂಕಗಳ ಸಾಲು) ಮತ್ತು ವಿಂಡೋ (ಆ ಸಾಲಿನ ತುದಿಗಳನ್ನು ಇಳಿಸುವ ತೂಕಗಳು). ಮಾನಿಟರ್ ತೋರಿಸುವ ಇಸಿಜಿಗೆ ಸಾಮಾನ್ಯವಾಗಿ 40 ಹರ್ಟ್ಸ್ ತನಕ ಸಾಕು (ರೋಗ ನಿರ್ಣಯಕ್ಕೆ 150 ಬೇಕು, ಅಲ್ಲಿ ಈ ಉಪಾಯ ನಡೆಯುವುದಿಲ್ಲ). 40ರ ತನಕ ಬಿಡು, 50ರಿಂದ ತಡೆ ಎಂದರೆ ಕಟ್‌ಆಫ್ ನಡುವಿನ 45. 500ರಿಂದ ಭಾಗಿಸಿದರೆ 0.09. ನಟ್ಟನಡುವಿನ ಗುಣಾಂಕ ಅದರ ಎರಡರಷ್ಟು, 0.18. ಅಲ್ಲಿಂದ ಎರಡೂ ಪಕ್ಕಕ್ಕೆ 0.1706, 0.1440, 0.1053, 0.0613, 0.0197, ಆಮೇಲೆ −0.0132, ಹೀಗೆ ಏರುತ್ತ ಇಳಿಯುತ್ತ ಸಾಗುವ ಸಾಲು. ಇದಕ್ಕೆ ಕೊನೆಯೇ ಇಲ್ಲ, ಎಲ್ಲೋ ಕತ್ತರಿಸಬೇಕು. ಒರಟಾಗಿ ಕತ್ತರಿಸಿದರೆ ತಡೆಯಬೇಕಾದ ಕಡೆ 21 ಡೆಸಿಬೆಲ್‌ಗಿಂತ ಹೆಚ್ಚು ತಗ್ಗುವುದಿಲ್ಲ, ಟ್ಯಾಪ್‌ಗಳನ್ನು ಎಷ್ಟೇ ಹೆಚ್ಚಿಸಿದರೂ ಅಷ್ಟೇ. ಹ್ಯಾಮಿಂಗ್ ವಿಂಡೋದಿಂದ ಗುಣಿಸಿ ತುದಿಗಳನ್ನು ಮೆಲ್ಲಗೆ ಇಳಿಸಿದರೆ 53 ಡೆಸಿಬೆಲ್ ಸಿಗುತ್ತದೆ, ಬ್ಲ್ಯಾಕ್‌ಮನ್‌ನಿಂದ 74.

ಎಷ್ಟು ಟ್ಯಾಪ್ ಬೇಕು? ಹೊಸಬರು ಸಾಮಾನ್ಯವಾಗಿ ಕಟ್‌ಆಫ್ ನೋಡಿ ಅಂದಾಜು ಮಾಡುತ್ತಾರೆ. ನೋಡಬೇಕಾದದ್ದು ಬಿಡುವ ಮತ್ತು ತಡೆಯುವ ಅಂಚುಗಳ ನಡುವಿನ ಜಾಗವನ್ನು. ಹ್ಯಾಮಿಂಗ್‌ಗೆ 3.3 × ಸ್ಯಾಂಪಲ್ ದರ ÷ ಆ ಜಾಗ. ಇಲ್ಲಿ 3.3 × 500 ÷ 10 = 165. ಬ್ಲ್ಯಾಕ್‌ಮನ್‌ಗೆ 3.3ರ ಬದಲು 5.5, ಅಂದರೆ 275. ಗುಣಾಂಕಗಳನ್ನು ಕಂಪ್ಯೂಟರೇ ಹುಡುಕಿ ಕೊಡುವ ಪಾರ್ಕ್ಸ್-ಮೆಕ್‌ಕ್ಲೆಲನ್ ವಿಧಾನದಲ್ಲಿ 60 ಡೆಸಿಬೆಲ್‌ಗೆ 136ರ ಆಸುಪಾಸಿನಲ್ಲಿ ಮುಗಿಯುತ್ತದೆ. ಅಂಚನ್ನು 40ರ ಬದಲು 45ಕ್ಕೆ ತಂದರೆ ಜಾಗ ಅರ್ಧ, ಟ್ಯಾಪ್ ಎರಡರಷ್ಟು. ಕಟ್‌ಆಫ್ ಕೇವಲ ಎರಡೂವರೆ ಹರ್ಟ್ಸ್ ಸರಿದಿದ್ದಕ್ಕೆ ಇಷ್ಟು ದಂಡ.

165 ಟ್ಯಾಪ್‌ಗಳ ಗುಣಾಂಕಗಳು ನಡುವಿನಿಂದ ಎರಡೂ ಕಡೆಗೆ ಒಂದೇ ಸಮ. ಈ ಸಮಮಿತಿಯೇ ಎಫ್‌ಐಆರ್‌ನ ದೊಡ್ಡ ಲಾಭ: ಎಲ್ಲ ಫ್ರೀಕ್ವೆನ್ಸಿಗಳೂ ಒಂದೇ ಅಳತೆಯಲ್ಲಿ, 82 ಸ್ಯಾಂಪಲ್ ಅಥವಾ 164 ಮಿಲಿಸೆಕೆಂಡು, ತಡವಾಗುತ್ತವೆ. ಹಾಗಾಗಿ ಅಲೆಯ ಭಾಗಗಳು ಒಂದರಿಂದೊಂದು ಸರಿಯುವುದಿಲ್ಲ. ಜೋಡಿ ಸ್ಯಾಂಪಲ್‌ಗಳನ್ನು ಮೊದಲೇ ಕೂಡಿಸಿಕೊಂಡರೆ 165ರ ಬದಲು 83 ಗುಣಾಕಾರ ಸಾಕು. ಸೆಕೆಂಡಿಗೆ 500 ಸ್ಯಾಂಪಲ್‌ಗೆ ಅದು ಲೆಕ್ಕಕ್ಕೇ ಇಲ್ಲ. ಇದೇ ಫಿಲ್ಟರ್ 48,000 ಸ್ಯಾಂಪಲ್‌ಗಳ ಆಡಿಯೋಗೆ ಹೋದರೆ ಪೂರ್ತಿ ಗುಣಾಕಾರ ಸೆಕೆಂಡಿಗೆ 79 ಲಕ್ಷ ದಾಟುತ್ತದೆ.

ಕಾಗದದ ಮೇಲೆ ಸರಿಯಾಗಿದ್ದದ್ದು ಬೋರ್ಡಿನಲ್ಲಿ ಕೆಡುವುದು ಹೆಚ್ಚಾಗಿ ಪೂರ್ಣಾಂಕಕ್ಕೆ ಇಳಿಸುವಾಗ. 16 ಬಿಟ್‌ನಲ್ಲಿ ಪ್ರತಿ ಗುಣಾಂಕವನ್ನು 32768ರಿಂದ ಗುಣಿಸಿ ದುಂಡು ಮಾಡುತ್ತೇವೆ. 0.18 ಆಗ 5898. ದುಂಡು ಮಾಡಿದ ಮೇಲೆ ಎಲ್ಲದರ ಮೊತ್ತ 32768 ಇದೆಯೇ ನೋಡಿ. ಇಲ್ಲದಿದ್ದರೆ ಆ ಒಂದೆರಡರ ವ್ಯತ್ಯಾಸವನ್ನು ನಡುವಿನ ಗುಣಾಂಕಕ್ಕೇ ಸೇರಿಸಿ, ಪಕ್ಕದವುಗಳಿಗೆ ಹಾಕಿದರೆ ಸಮಮಿತಿ ಹೋಗುತ್ತದೆ. ಗುಣಲಬ್ಧಗಳನ್ನು 32 ಬಿಟ್‌ನಲ್ಲಿ ಕೂಡಿಸುತ್ತ ಹೋದರೆ ತುಂಬಿ ಹರಿಯಬಹುದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್320ಸಿ54ಎಕ್ಸ್ ಚಿಪ್‌ಗಳಲ್ಲಿ 40 ಬಿಟ್ ಅಕ್ಯುಮುಲೇಟರ್ (ಮೊತ್ತ ಹಿಡಿದಿಡುವ ಜಾಗ) ಇಟ್ಟದ್ದು ಇದಕ್ಕೇ. ಕೊನೆಯ ಉತ್ತರ ಎಷ್ಟು ದೊಡ್ಡದಾಗಬಹುದು ಎನ್ನುವುದನ್ನು ಟ್ಯಾಪ್‌ಗಳ ಸಂಖ್ಯೆ ಹೇಳುವುದಿಲ್ಲ, ಗುಣಾಂಕಗಳ ಚಿಹ್ನೆ ಬಿಟ್ಟು ಕೂಡಿಸಿದ ಮೊತ್ತ ಹೇಳುತ್ತದೆ. ನಮ್ಮದರಲ್ಲಿ ಅದು ಸುಮಾರು 2, ಆದ್ದರಿಂದ ಒಂದು ಬಿಟ್ ಜಾಗ ಬಿಟ್ಟಿರಬೇಕು. 15 ಬಿಟ್ ಬಲಕ್ಕೆ ಸರಿಸುವ ಮುನ್ನ 16384 ಸೇರಿಸದಿದ್ದರೆ ಉತ್ತರ ಸದಾ ಕೆಳಗೇ ವಾಲುತ್ತದೆ.

ಎಆರ್‌ಎಂನ ಸಿಎಂಎಸ್‌ಐಎಸ್ ಲೈಬ್ರರಿಯ (ಆ ಕಂಪನಿಯ ಪ್ರೊಸೆಸರ್‌ಗಳಿಗೆ ಸಿದ್ಧ ಕೋಡಿನ ಸಂಗ್ರಹ) 16 ಬಿಟ್ ಎಫ್‌ಐಆರ್ ಬಳಸುವವರಿಗೆ ಎರಡು ಮಾತು. ಅದು ಸಮ ಸಂಖ್ಯೆಯ ಟ್ಯಾಪ್‌ಗಳನ್ನೇ ಒಪ್ಪುತ್ತದೆ, 165ಕ್ಕೆ ಒಂದು ಸೊನ್ನೆ ಸೇರಿಸಿ 166 ಮಾಡಿ. ಗುಣಾಂಕಗಳನ್ನು ಹಿಂದುಮುಂದಾಗಿ ಕೊಡಬೇಕು. ಸಮಮಿತಿ ಇರುವಾಗ ಎರಡನೆಯ ತಪ್ಪು ಕಾಣಿಸುವುದೇ ಇಲ್ಲ. ಸೊನ್ನೆಯನ್ನು ತಪ್ಪು ತುದಿಗೆ ಸೇರಿಸಿದರೆ ಒಂದು ಸ್ಯಾಂಪಲ್ ಹೆಚ್ಚು ತಡ ಮಾತ್ರ ಆಗುತ್ತದೆ. ಅದಕ್ಕೇ ಕೋಡನ್ನು ಪರೀಕ್ಷಿಸುವಾಗ 1, 2, 3, 4 ಎಂಬ ಓರೆ ಗುಣಾಂಕ ಹಾಕಿ ಒಂದೇ ಇಂಪಲ್ಸ್ ಕೊಡಿ. ಅದೇ ಕ್ರಮದಲ್ಲಿ ಹೊರಬಂದರೆ ಮಾತ್ರ ಮುಂದಕ್ಕೆ ಹೋಗಿ.

ಶುರುವಿನ ಒಂದು ಸೆಕೆಂಡಿನ ಮೂರನೇ ಒಂದು ಭಾಗವನ್ನು ನಂಬಬೇಡಿ. ಹಿಂದಿನ ಸ್ಯಾಂಪಲ್‌ಗಳನ್ನಿಡುವ ಬಫರ್ ಸೊನ್ನೆಗಳಿಂದ ತುಂಬಿದ್ದರೆ, 12 ಬಿಟ್ ಎಡಿಸಿಯ (ವೋಲ್ಟೇಜನ್ನು ಸಂಖ್ಯೆ ಮಾಡುವ ಭಾಗ) ನಡುಬೆಲೆ 2048ಕ್ಕೆ ಏರಲು 164 ಸ್ಯಾಂಪಲ್ ಬೇಕು. ಮೊದಲ ಸ್ಯಾಂಪಲ್‌ನಿಂದಲೇ ಬಫರನ್ನೆಲ್ಲ ತುಂಬಿದರೆ ಈ ಏರು ಕಾಣುವುದಿಲ್ಲ.

ಇನ್ನೊಂದು ದೋಷ ಫಿಲ್ಟರ್‌ನದ್ದೇ ಅಲ್ಲ, ಗಡಿಯಾರದ್ದು. ಗುಣಾಂಕಗಳಿಗೆ ಹರ್ಟ್ಸ್ ಗೊತ್ತಿಲ್ಲ, ಸ್ಯಾಂಪಲ್‌ಗಳ ಎಣಿಕೆ ಮಾತ್ರ ಗೊತ್ತು. ಟೈಮರ್ 500ರ ಬದಲು 490 ಕೊಟ್ಟರೆ ಹತ್ತು ಟ್ಯಾಪ್‌ಗಳ ಸರಾಸರಿಯ ಸೊನ್ನೆ 49 ಹರ್ಟ್ಸ್‌ಗೆ ಸರಿಯುತ್ತದೆ, 50 ಹರ್ಟ್ಸ್ 34 ಡೆಸಿಬೆಲ್ ಮಾತ್ರ ತಗ್ಗುತ್ತದೆ. ಭಾರತದ ಗ್ರಿಡ್‌ಗೆ ನಿಗದಿಯಾದ 49.90ರಿಂದ 50.05ರ ಒಳಗಿನ ಏರಿಳಿತ ಇದರ ಮುಂದೆ ಏನೂ ಅಲ್ಲ: 49.90ರಲ್ಲೂ ಸುಮಾರು 54 ಡೆಸಿಬೆಲ್ ಸಿಗುತ್ತದೆ. ಹಾಗಾಗಿ ಕರೆಂಟನ್ನು ಅನುಮಾನಿಸುವ ಮೊದಲು ಒಂದು ಪಿನ್ನನ್ನು ಒಂದು ಸ್ಯಾಂಪಲ್‌ಗೆ ಆನ್, ಮುಂದಿನದಕ್ಕೆ ಆಫ್ ಮಾಡಿಸುತ್ತ ಅಳೆಯಿರಿ, 250 ಹರ್ಟ್ಸ್ ಬರಬೇಕು. ಎಡಿಸಿಗಿಂತ ಮೊದಲು ಅನಲಾಗ್ ಫಿಲ್ಟರ್ ಇಲ್ಲದಿದ್ದರೆ 470 ಹರ್ಟ್ಸ್ ಗದ್ದಲ 30 ಹರ್ಟ್ಸ್ ವೇಷದಲ್ಲಿ ಒಳಬರುತ್ತದೆ. ಬಂದ ಮೇಲೆ ಯಾವ ಎಫ್‌ಐಆರ್ ಕೂಡ ಅದನ್ನು ಬೇರ್ಪಡಿಸಲಾರದು.

ಉಸಿರಾಟದಿಂದ ಗೆರೆ ಮೇಲೆ ಕೆಳಗೆ ತೇಲುವುದನ್ನೂ ಎಫ್‌ಐಆರ್‌ನಿಂದಲೇ ತೆಗೆಯಲು ಹೊರಡುವವರಿದ್ದಾರೆ. ಅಲ್ಲಿ ಅಂಚುಗಳ ನಡುವಿನ ಜಾಗ ಅರ್ಧ ಹರ್ಟ್ಸ್. 3.3 × 500 ÷ 0.5 ಎಂದರೆ 3300 ಟ್ಯಾಪ್, ತಡ ಸುಮಾರು 3.3 ಸೆಕೆಂಡು. ತೇಲುವ ಭಾಗವನ್ನು ಪ್ರತ್ಯೇಕಿಸಿ, ಸ್ಯಾಂಪಲ್ ದರವನ್ನು 25ಕ್ಕೆ ಇಳಿಸಿ ಮಾಡಿದರೆ 165 ಟ್ಯಾಪ್ ಸಾಕು. ತಡ ಮಾತ್ರ ಅಷ್ಟೇ: 82 ÷ 25 = 3.28 ಸೆಕೆಂಡು, ಅದರ ಮೇಲೆ ದರ ಇಳಿಸುವ ಫಿಲ್ಟರ್‌ನ ತಡ ಬೇರೆ. ರೆಕಾರ್ಡ್ ಮಾಡಿಟ್ಟ ಫೈಲಿಗಾದರೆ ಅಷ್ಟು ಹಿಂದಕ್ಕೆ ಸರಿಸಿ ಹೊಂದಿಸಿಕೊಳ್ಳಬಹುದು. ಪರದೆಯ ಮೇಲೆ ಆಗಿಂದಾಗಲೇ ಓಡಬೇಕಾದ ಗೆರೆಗೆ ಈ ಒಂದು ಕೆಲಸವನ್ನು ಐಐಆರ್‌ಗೆ ಬಿಡಿ.