ರೇಟ್, ಪ್ರೈಸ್, ಕಾಸ್ಟ್: ಮೂರೂ ರೊಕ್ಕಾನ ಅಲ್ಲೇನ್ರಿ?

"ರೇಟ್ ಅಂದ್ರೂ ರೊಕ್ಕಾನ, ಪ್ರೈಸ್ ಅಂದ್ರೂ ರೊಕ್ಕಾನ, ಕಾಸ್ಟ್ ಅಂದ್ರೂ ರೊಕ್ಕಾನ. ಫರಕ್ ಏನೈತ್ರಿ ಸರ್?" ಹುಬ್ಬಳ್ಳಿ-ಧಾರವಾಡದಲ್ಲಿ ಇಂಗ್ಲಿಷ್ ಕಲಿಸುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಪ್ರಶ್ನೆ ಏಳುವುದಕ್ಕೆ ಕಾರಣವೂ ಇದೆ. ನಮ್ಮ ಕಡೆ 'ರೇಟ್' ಒಂದೇ ಎಲ್ಲ ಕೆಲಸವನ್ನೂ ಹೊತ್ತುಕೊಂಡಿದೆ. ಉಳ್ಳಾಗಡ್ಡಿ ರೇಟ್, ಬಂಗಾರದ ರೇಟ್, ಸೈಟಿನ ರೇಟ್, ಮೊಬೈಲ್ ರೇಟ್. ಇಂಗ್ಲಿಷಿನವರು ಈ ನಾಲ್ಕಕ್ಕೂ ಪ್ರೈಸ್ ಎನ್ನುತ್ತಾರೆ.

ರೇಟ್ ಎಂದರೆ ಮೂಲದಲ್ಲಿ 'ಇಷ್ಟಕ್ಕೆ ಇಷ್ಟು' ಎಂಬ ಲೆಕ್ಕ. ರೊಕ್ಕ ಇರಲೇಬೇಕೆಂದಿಲ್ಲ. ರನ್ ರೇಟ್ ಅಂದರೆ ಓವರಿಗೆ ಎಷ್ಟು ರನ್, ಸ್ಟ್ರೈಕ್ ರೇಟ್ ಅಂದರೆ ನೂರು ಚೆಂಡಿಗೆ ಎಷ್ಟು ರನ್. ಹಾರ್ಟ್ ರೇಟ್ ನಿಮಿಷದ ಲೆಕ್ಕ. ಬಡ್ಡಿಯದು ನೂರಕ್ಕೆ ಇಷ್ಟು ಎಂಬ ಲೆಕ್ಕ, ಅದು ಇಂಟರೆಸ್ಟ್ ರೇಟ್. ಡಾಲರಿಗೆ ಎಷ್ಟು ರೂಪಾಯಿ ಎಂಬುದು ಎಕ್ಸ್‌ಚೇಂಜ್ ರೇಟ್.

ಹಾಗಾದರೆ ಕಿಲೋಕ್ಕೆ 40 ರೂಪಾಯಿಯ ಉಳ್ಳಾಗಡ್ಡಿಯೂ 'ಇಷ್ಟಕ್ಕೆ ಇಷ್ಟು' ತಾನೆ, ಅದಕ್ಕೇಕೆ ರೇಟ್ ಅನ್ನಬಾರದು? ಚಲೋ ತಕರಾರು. ಇಲ್ಲಿ ತರ್ಕಕ್ಕಿಂತ ರೂಢಿ ದೊಡ್ಡದು. ತೂಗಿ, ಅಳೆದು ಕೈಗೆ ಕೊಡುವ ಸರಕಿಗೆ, ಕಿಲೋ ಲೆಕ್ಕವಾದರೂ ಕ್ವಿಂಟಲ್ ಲೆಕ್ಕವಾದರೂ, ಇಂಗ್ಲಿಷಿನಲ್ಲಿ ಪ್ರೈಸ್. ಹೊತ್ತು, ದುಡಿಮೆ, ಸಾಲ, ತೆರಿಗೆ, ಇವಕ್ಕೆ ರೇಟ್. ಲಾಡ್ಜಿನ ರೂಮಿಗೆ ರೇಟ್ ಎಂದರೆ ಸರಿ, ಅದು ಒಂದು ರಾತ್ರಿಯ ಲೆಕ್ಕ. ತಾಸಿನ ಲೆಕ್ಕದಲ್ಲಿ ಟ್ರ್ಯಾಕ್ಟರ್ ಹೊಡೆಸಿದರೆ ಅವರ್ಲಿ ರೇಟ್. ಕಾಂಟ್ರ್ಯಾಕ್ಟರುಗಳು 'ಎಸ್.ಆರ್. ರೇಟ್' ಎನ್ನುವುದೂ ಸರಿಯೇ. ಲೋಕೋಪಯೋಗಿ ಇಲಾಖೆಯ ಆ ಪುಸ್ತಕದ ಹೆಸರೇ ಶೆಡ್ಯೂಲ್ ಆಫ್ ರೇಟ್ಸ್, ಒಂದು ಘನ ಮೀಟರ್ ಕೆಲಸಕ್ಕೆ ಇಷ್ಟು ಎಂದು ಅದರಲ್ಲಿ ಬರೆದಿರುತ್ತದೆ.

ನಂಬಿಕೆ ಬರದಿದ್ದರೆ ಎಪಿಎಂಸಿ ಧಾರಣೆಯ ಇಂಗ್ಲಿಷ್ ಪಟ್ಟಿ ನೋಡಿ. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ತಳಿಯ ಮೆಣಸಿನಕಾಯಿಗೆ ಎಲ್ಲರ ಬಾಯಲ್ಲೂ 'ಇವತ್ತಿನ ರೇಟ್' ಎಂದೇ ಇದ್ದರೂ, ಪಟ್ಟಿಯಲ್ಲಿರುವುದು ಮಿನಿಮಮ್ ಪ್ರೈಸ್, ಮ್ಯಾಕ್ಸಿಮಮ್ ಪ್ರೈಸ್, ಮೋಡಲ್ ಪ್ರೈಸ್. ಈ ಮೂರನೆಯದನ್ನು ಸರಾಸರಿ ಎಂದು ಓದುವವರೇ ಹೆಚ್ಚು. ಅದು ಸರಾಸರಿಯಲ್ಲ, ಆ ದಿನ ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯಿತೋ ಆ ಬೆಲೆ. ಕ್ವಿಂಟಲ್ ಲೆಕ್ಕದಲ್ಲಿ, ಒಂದೇ ತೂಕದ ಹತ್ತು ಲಾಟಿನಲ್ಲಿ ಒಂದು 40,000 ರೂಪಾಯಿಗೆ, ಎಂಟು 20,000ಕ್ಕೆ, ಒಂದು 8,000ಕ್ಕೆ ಹೋದವು ಎನ್ನಿ. ಸರಾಸರಿ 20,800, ಮೋಡಲ್ 20,000. ಮರುದಿನ ಊರಲ್ಲಿ ಸುದ್ದಿಯಾಗುವುದು ಮಾತ್ರ 40,000. ಆ 'ಟಾಪ್ ರೇಟ್' ನಂಬಿ ಚೀಲ ಹೇರಿಕೊಂಡು ಬಂದವರು ಪೇಚಾಡುವುದು ಹೀಗೆ. ಬೆಂಬಲ ಬೆಲೆಯ ಎಂಎಸ್‌ಪಿಯಲ್ಲೂ ಕೊನೆಯ 'ಪಿ' ಪ್ರೈಸ್, ಕಬ್ಬಿಗೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಬೆಲೆಯಾದ ಎಫ್‌ಆರ್‌ಪಿಯಲ್ಲೂ ಅದೇ.

ಇನ್ನು ಕಾಸ್ಟ್. ನಿಜವಾದ ತೊಡಕು ಇರುವುದು ಇದರಲ್ಲೇ, ಏಕೆಂದರೆ ಯಾರ ಕಡೆಯಿಂದ ನೋಡುತ್ತೇವೆ ಎಂಬುದರ ಮೇಲೆ ಇದು ಬದಲಾಗುತ್ತದೆ. ಹಿಟ್ಟು, ಗ್ಯಾಸ್, ಬಡಿಯುವವರ ಕೂಲಿ ಸೇರಿ ಒಂದು ಖಡಕ್ ರೊಟ್ಟಿಗೆ 6 ರೂಪಾಯಿ ಬಿತ್ತು, 10ಕ್ಕೆ ಮಾರಿದರು ಎಂದಿಟ್ಟುಕೊಳ್ಳಿ. ಮಾಡಿದವರಿಗೆ ಕಾಸ್ಟ್ 6, ಪ್ರೈಸ್ 10. ಕೊಂಡ ಖಾನಾವಳಿಯವರಿಗೆ ಅದೇ 10 ಕಾಸ್ಟ್ ಆಗುತ್ತದೆ, ಅವರ ಪ್ರೈಸ್ ಬೇರೆ. ಪ್ರೈಸ್ ಹೇಳುವವನು ಮಾರುವವನು. ಕಾಸ್ಟ್ ಎಂದರೆ ಯಾರ ಕಿಸೆಯಿಂದ ಎಷ್ಟು ಹೋಯಿತು ಎಂಬುದು.

ಕಿಸೆಯಿಂದ ಹೋದದ್ದರಲ್ಲಿ ಏನೇನು ಸೇರಿಸಬೇಕು ಎಂಬುದೇ ಒಂದು ದೊಡ್ಡ ಜಗಳ. ಬೆಂಬಲ ಬೆಲೆ ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದ ಹೆಸರಿನಲ್ಲೇ ಕಾಸ್ಟ್, ಪ್ರೈಸ್ ಎರಡೂ ಬೇರೆ ಬೇರೆ ನಿಂತಿವೆ. ಅದರ ಲೆಕ್ಕದಲ್ಲಿ 'ಎ2' ಅಂದರೆ ಬೀಜ, ಗೊಬ್ಬರ, ಔಷಧಿ, ಆಳು, ಡೀಸೆಲ್ ಎಂದು ರೈತ ಮಾಡಿದ ಖರ್ಚು. 'ಎಫ್‌ಎಲ್' ಅಂದರೆ ಮನೆಮಂದಿಯ ದುಡಿಮೆಗೆ ಕಟ್ಟಿದ ಕೂಲಿ. ಸ್ವಂತ ಹೊಲದ ಗೇಣಿ, ಹಾಕಿದ ಸ್ವಂತ ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ 'ಸಿ2'. ಸರ್ಕಾರ ಎ2 ಮತ್ತು ಎಫ್‌ಎಲ್ ಕೂಡಿಸಿ ಒಂದೂವರೆ ಪಟ್ಟು ಕೊಡುತ್ತೇವೆ ಎನ್ನುತ್ತದೆ, ರೈತ ಸಂಘಟನೆಗಳು ಸಿ2ರ ಒಂದೂವರೆ ಪಟ್ಟು ಕೇಳುತ್ತವೆ. ಗದಗ ಭಾಗದಲ್ಲಿ ಹೆಚ್ಚು ಬೆಳೆಯುವ ಹೆಸರುಕಾಳಿಗೆ 2024-25ರಲ್ಲಿ ಕ್ವಿಂಟಲ್‌ಗೆ 8,682 ರೂಪಾಯಿ ಎಂಎಸ್‌ಪಿ ಇತ್ತು. ಆ ಪ್ರೈಸ್ ಎಷ್ಟೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅದರ ಹಿಂದಿನ ಕಾಸ್ಟ್ ಯಾವುದು ಎಂಬುದರಲ್ಲೇ ವಾದ.

ವಾಕ್ಯದಲ್ಲಿ ಬಳಸುವಾಗ ಎಡವುವ ಜಾಗಗಳೂ ಗೊತ್ತಿರುವಂಥವೇ. 'ಪ್ರೈಸ್ ಈಸ್ ಕಾಸ್ಟ್ಲಿ' ತಪ್ಪು, ತುಟ್ಟಿಯಾಗುವುದು ವಸ್ತು. ಬೆಲೆಗೆ ಹೈ ಅಥವಾ ಲೋ ಎನ್ನಬೇಕು. 'ಇಟ್ ಕಾಸ್ಟೆಡ್ ಟು ಮಿ' ಎಂಬುದರಲ್ಲಿ ಎರಡು ತಪ್ಪು. ಭೂತಕಾಲದಲ್ಲೂ ಅದು ಕಾಸ್ಟ್ ಆಗಿಯೇ ಉಳಿಯುತ್ತದೆ, 'ಟು' ಬೇಡ. 'ಇಟ್ ಕಾಸ್ಟ್ ಮಿ ಫೈವ್ ಹಂಡ್ರೆಡ್' ಅಷ್ಟೇ. ಕಾಸ್ಟೆಡ್ ಎಂಬ ರೂಪ ಇಲ್ಲವೇ ಇಲ್ಲ ಎಂದಲ್ಲ. ಒಂದು ಯೋಜನೆಗೆ ಎಷ್ಟು ಖರ್ಚಾದೀತು ಎಂದು ಅಂದಾಜು ಕಟ್ಟಿದಾಗ ಅದನ್ನು ಬಳಸುತ್ತಾರೆ. ಅಂಗಡಿಯಲ್ಲಿ ನಿಂತಾಗ ಈ ಯಾವ ತಾಪತ್ರಯವೂ ಇಲ್ಲದೆ 'ಹೌ ಮಚ್ ಈಸ್ ದಿಸ್?' ಎಂದರೆ ಸಾಕು.

ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ, ದುರ್ಗದಬೈಲಿನಲ್ಲಿ ರೇಟ್ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ, ಅದನ್ನು ತಿದ್ದಲು ಹೋಗುವುದು ಹುಚ್ಚುತನ. ಹೊರದೇಶದ ಖರೀದಿದಾರರಿಗೆ ಮೆಣಸಿನಕಾಯಿಯ ಮೇಲ್ ಬರೆಯುವಾಗ ಮಾತ್ರ ಮಾಲಿಗೆ ಪ್ರೈಸ್, ಹಡಗಿನ ಸಾಗಣೆಗೆ ಫ್ರೈಟ್ ರೇಟ್ ಎಂದು ಬೇರೆ ಬೇರೆ ಬರೆದರೆ ಗೊಂದಲ ತಪ್ಪುತ್ತದೆ. ಅದೇ ಮೇಲ್ ವಿಳಾಸವನ್ನು ಫೋನಿನಲ್ಲಿ ಹೇಳುವಾಗ 'ಆ್ಯಟ್ ದಿ ರೇಟ್' ಎನ್ನಬೇಡಿ, ಬರೀ 'ಆ್ಯಟ್' ಅನ್ನಿ. ಆ ಸುರುಳಿ ಚಿಹ್ನೆ ಹಳೆಯ ಲೆಕ್ಕದ ಪುಸ್ತಕಗಳಲ್ಲಿ 'ಚೀಲಕ್ಕೆ ಇಷ್ಟರಂತೆ ಹತ್ತು ಚೀಲ' ಎಂದು ಬರೆಯಲು ಬಳಕೆಯಲ್ಲಿದ್ದದ್ದು, ನಮ್ಮಲ್ಲಿ ಆ ಲೆಕ್ಕದ ಹೆಸರೇ ಅಂಟಿಕೊಂಡಿದೆ.

ಉಳಿದವು ಸುಲಭ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆ ಕೊಡುವುದು ಫೇರ್, 'ಬಸ್ ಚಾರ್ಜ್' ಅಲ್ಲ. ಡಾಕ್ಟರಿಗೆ, ವಕೀಲರಿಗೆ, ಕಾಲೇಜಿಗೆ ಫೀ. ಮನೆಗೆ ರೆಂಟ್, ರಸ್ತೆಗೆ ಟೋಲ್. ಚಾರ್ಜ್ ಎಂದರೆ ಸೇವೆಗೆ ಹಾಕುವ ಹಣ. ಹೆಸ್ಕಾಂ ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಕಿಲೋವ್ಯಾಟ್‌ಗೆ ತಕ್ಕಂತೆ ಬರುವುದು ಫಿಕ್ಸೆಡ್ ಚಾರ್ಜ್, ಸುಟ್ಟ ಯೂನಿಟ್ಟಿಗೆ ಬರುವುದು ಎನರ್ಜಿ ಚಾರ್ಜ್. ಆ ಯೂನಿಟ್ಟಿನ ದರ ರೇಟ್, ಎಲ್ಲ ದರಗಳ ಪಟ್ಟಿ ಟ್ಯಾರಿಫ್. ಗೃಹಜ್ಯೋತಿ ಯೋಜನೆಯಲ್ಲಿಲ್ಲದ ಮನೆಗೆ ಒಂದು ತಿಂಗಳು ಬೀಗ ಹಾಕಿ ಹೋದರೂ ಬಿಲ್ಲು ಸೊನ್ನೆಯಾಗದಿರುವುದು ಆ ಫಿಕ್ಸೆಡ್ ಚಾರ್ಜಿನಿಂದ.