ಚಿಗರಿ ಬಸ್ಸಿನಲ್ಲಿ ಅವ್ವ ಕೇಳಿದ್ದು

19 ಜುಲೈ 2025, ಶನಿವಾರ, ಧಾರವಾಡ

ರಾತ್ರಿ ಹನ್ನೊಂದಾಯಿತು, ನಿದ್ದೆ ಬರುತ್ತಿಲ್ಲ.

ಸಂಜೆ ಹುಬ್ಬಳ್ಳಿಯಿಂದ ಬರುವಾಗ ಅವ್ವ ಕೇಳಿದಳು, "ಅಲ್ಲವಾ, ಎಲೆಕ್ಟ್ರಾನ್ ಎಲೆಕ್ಟ್ರಾನ್ ಅಂತೀಯಲ್ಲ, ಅದರಾಗ ಅಳಿಯೂದು ಏನೈತಿ?"

ಚಿಗರಿ ಬಸ್ಸಿನಲ್ಲಿ ಜನ ಕಮ್ಮಿ. ಇಬ್ಬರ ಸೀಟಿನಲ್ಲಿ ಒಬ್ಬೊಬ್ಬರೇ, ಪಕ್ಕಕ್ಕೆ ಚೀಲ, ಇಲ್ಲಾ ಒದ್ದೆ ಕೊಡೆ. ಅದನ್ನೇ ತೋರಿಸಿದೆ. ತಾಮ್ರ, ಆಮ್ಲಜನಕ ಕೂಡಿದ ಆಕ್ಸೈಡಿನಲ್ಲಿ ತಾಮ್ರದ ಒಂದೊಂದು ಪರಮಾಣುವೂ ಒಂದು ಸೀಟು ಅಂತ ತಿಳಿ. ಒಂದು ಎಲೆಕ್ಟ್ರಾನ್ ಕೂತಲ್ಲಿ ಇನ್ನೊಂದು ಬಂದು ಕೂರಲು ಎಷ್ಟು ಶಕ್ತಿ ಬೇಕು, ಅದನ್ನು ಅಳೆಯುವುದು. ಅದರ ಹೆಸರು ಯು. ಈ ತಾಮ್ರದ ಆಕ್ಸೈಡುಗಳಲ್ಲಿ ಸುಮಾರು 8 ಎಲೆಕ್ಟ್ರಾನ್ ವೋಲ್ಟ್. ನಮ್ಮ ಕೋಣೆಯ ಶಾಖ ಕೊಡುವುದು 0.025 ಅಷ್ಟೇ. ಅದಕ್ಕೇ ಯಾರೂ ಕದಲುವುದಿಲ್ಲ, ಕರೆಂಟೂ ಹರಿಯುವುದಿಲ್ಲ.

"ಅಷ್ಟ ಸಣ್ಣದು ಹೆಂಗ ಅಳೀತೀರಿ?"

ಎಕ್ಸ್-ರೇ ಬಿಟ್ಟು ಒಳಗಿನ ಒಂದು ಎಲೆಕ್ಟ್ರಾನನ್ನು ಹೊರಗೆ ಹಾಕಬೇಕು. ಆ ಜಾಗಕ್ಕೆ ಮೇಲಿನದೊಂದು ಬೀಳುತ್ತದೆ, ಬಿದ್ದ ರಭಸಕ್ಕೆ ಮತ್ತೊಂದು ಹಾರಿಹೋಗುತ್ತದೆ. ಈಗ ಒಂದೇ ಪರಮಾಣುವಿನಲ್ಲಿ ಎರಡು ಖಾಲಿ ಜಾಗ. ಅದಕ್ಕೆ ತಗಲುವ ಶಕ್ತಿಯಲ್ಲಿ, ಎರಡು ಖಾಲಿ ಜಾಗ ದೂರ ದೂರ ಇದ್ದಾಗ ತಗಲುವುದನ್ನು ಕಳೆದರೆ ಉಳಿಯುವುದೇ ಯು. ಎಷ್ಟು ಚಂದದ ಲೆಕ್ಕ ಅಲ್ವಾ? ಮೊದಲ ಸಲ ಅರ್ಥವಾದ ದಿನ ನಾನು ಊಟಾನೇ ಮರೆತಿದ್ದೆ.

ಉಣಕಲ್‌ನಲ್ಲಿ ಒಬ್ಬರು ಇಳಿದರು. ಹಿಂದಿನವರು ಆ ಸೀಟಿಗೆ ಬಂದರು, ಅವರದಕ್ಕೆ ಅವರ ಹಿಂದಿನವರು. ಅವ್ವ ಅಂದಳು, "ನೋಡ, ಒಬ್ಬ ಇಳದ ಕೂಡ್ಲೆ ಎಲ್ಲಾರೂ ಸರದಾಡಾಕತ್ತರು."

ನಾನು ಅದನ್ನು ಇನ್ನೂ ಹೇಳಿಯೇ ಇರಲಿಲ್ಲ! 1986ರಲ್ಲಿ ಬೆಡ್ನಾರ್ಟ್ಸ್, ಮ್ಯುಲ್ಲರ್ ಅನ್ನುವ ವಿಜ್ಞಾನಿಗಳು ಮಾಡಿದ್ದೂ ಇದೇ. ಇಂಥದೇ ಒಂದು ತಾಮ್ರದ ಆಕ್ಸೈಡಿನಲ್ಲಿ ಲ್ಯಾಂಥನಮ್ ಜಾಗಕ್ಕೆ ಸ್ವಲ್ಪ ಬೇರಿಯಮ್ ಹಾಕಿ ಕೆಲವು ಎಲೆಕ್ಟ್ರಾನುಗಳನ್ನು ಇಳಿಸಿದರು. ಸುಮಾರು 30 ಕೆಲ್ವಿನ್‌ನಿಂದಲೇ ಅದು ಸೂಪರ್‌ಕಂಡಕ್ಟರ್, ಅಂದರೆ ತಡೆಯೇ ಇಲ್ಲದೆ ಕರೆಂಟು ಹರಿಯುವ ವಸ್ತು, ಆಗತೊಡಗಿತು. ಮರುವರ್ಷ ಯಿಟ್ರಿಯಮ್ ಇದ್ದದ್ದು 90 ದಾಟಿತು, ತಣ್ಣಗಾಗಿಸಲು 77 ಕೆಲ್ವಿನ್ನಿನ ದ್ರವ ನೈಟ್ರೋಜನ್ನೇ ಸಾಕಾಯಿತು. ತಣ್ಣಗಾದಾಗ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ ಓಡಾಡುತ್ತವೆ ಅಂದೆ.

ಅವ್ವ ನವನಗರದವರೆಗೆ ಸುಮ್ನಿದ್ದಳು. ಆಮೇಲೆ, "ಕೂಡೆ ಕುಂದ್ರಾಕ ಒಲ್ಲೆ ಅನ್ನೂವು ಜೋಡಿ ಯಾಕ ಆಗ್ತಾವು?"

ಇಷ್ಟು ವರ್ಷವಾದರೂ ಎಲ್ಲರೂ ಒಪ್ಪುವ ಉತ್ತರ ಇಲ್ಲ. ಜೋಡಿಯಾದರೂ ಒಂದೇ ಸೀಟಿನಲ್ಲಿ ಕೂರುವುದಿಲ್ಲ, ಅಕ್ಕಪಕ್ಕದ ಸೀಟು ಹಿಡಿಯುತ್ತವೆ. ಅಷ್ಟು ಗೊತ್ತು. ಹಾಗಾದರೆ ದೂರ ತಳ್ಳುವ ಆ ಯು ಇಂದಲೇ ಜೋಡಿ ಕೂಡುತ್ತಿದ್ದರೆ? ಅವ್ವನಿಗೆ ಬೆಳಗ್ಗೆ ಇದನ್ನು ಹೇಗೆ ಹೇಳಲಿ, ಎರಡು ಸೀಟಿನ ನಡುವೆ...